ಚಪ್ಪಾಳೆಗೆ ಚೀಟಿ ಬರೆದವಳು

ರೆಕಾರ್ಡು ಅಚ್ಚು ಹಾಕುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರೊಂದು ಹಾಜರಿ ಪುಸ್ತಕದಲ್ಲಿ ಇತ್ತು, ಆದರೆ ಯಾರಾದರೂ ಅದನ್ನು ಹಿಡಿದು ಕರೆದಿದ್ದರೆ ಅವಳೇ ತಿರುಗಿ ನೋಡುವುದು ಅನುಮಾನವಿತ್ತು. ಅವಳ ಕೆಲಸ ಕೇಳುವುದು. ಯಂತ್ರದಿಂದ ಬಿಸಿಬಿಸಿಯಾಗಿ ಇಳಿಯುವ ಪ್ರತಿ ನೂರು ರೆಕಾರ್ಡಿನಲ್ಲಿ ಒಂದನ್ನು ಅವಳ ಪುಟ್ಟ ಕೋಣೆಗೆ ತಂದಿಡುತ್ತಿದ್ದರು. ಅವಳು ಹೆಡ್‌ಫೋನು ಏರಿಸಿಕೊಂಡು ಎರಡೂ ಬದಿಯನ್ನು ಮೊದಲಿಂದ ಕೊನೆಯವರೆಗೆ ಕೇಳಬೇಕು. ಎಲ್ಲಾದರೂ ಟಿಕ್ ಎಂದೋ ಚಟ್ ಎಂದೋ ಸದ್ದಾದರೆ ಹಳದಿ ಚೀಟಿಯಲ್ಲಿ ನಿಮಿಷ ಸೆಕೆಂಡು ಸಮೇತ ಬರೆಯಬೇಕು. ಒಂದೇ ದೋಷಕ್ಕೆ ಎರಡು ಚೀಟಿ ಬಂದರೆ ಯಂತ್ರ ನಿಲ್ಲುತ್ತಿತ್ತು. ನಾಲ್ಕು ಬಂದರೆ ಅಲ್ಲಿಯತನಕ ಅಚ್ಚಾದ ಮಾಲೆಲ್ಲ ಪುಡಿಯಾಗಿ, ಕರಗಿ, ಮತ್ತೆ ಹೊಸದಾಗಿ ಹುಟ್ಟಿಬರಲು ಹೋಗುತ್ತಿತ್ತು.

ಈ ಕುರ್ಚಿಗೆ ಬರುವ ಮುಂಚೆ ಆರು ವರ್ಷ ಅವಳು ಪ್ಯಾಕಿಂಗಿನಲ್ಲಿದ್ದಳು. ಕವರಿಗೆ ರೆಕಾರ್ಡು ತೂರಿಸುವುದು, ಅಂಟು ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುವುದು, ಪಕ್ಕದವಳ ಅತ್ತಿಗೆಯ ಕಥೆ ಕೇಳುವುದು. ಒಂದು ದಿನ ಹಾಗೆ ತೂರಿಸುತ್ತಲೇ, ಗೋಡೆಯಾಚೆ ಪರೀಕ್ಷೆಗೆ ಹಾಕಿದ್ದ ರೆಕಾರ್ಡಿನಲ್ಲಿ ಏನೋ ಚಟ್ ಅಂತು ಎಂದು ಬಾಯಿಬಿಟ್ಟಳು. ಅಲ್ಲಿ ಕೇಳಲೆಂದೇ ಕೂತಿದ್ದವನಿಗೇ ಅದು ಕೇಳಿರಲಿಲ್ಲ. ಅವನು ಕಣ್ಣು ಮುಚ್ಚಿ ಶ್ರದ್ಧೆಯಿಂದ ನಿದ್ದೆ ಮಾಡುತ್ತಿದ್ದ. ಮ್ಯಾನೇಜರು ಮರುದಿನವೇ ಅವನನ್ನು ಎಬ್ಬಿಸಿ ಇವಳನ್ನು ಕೂರಿಸಿದರು.

ಆ ಕುರ್ಚಿ ಅವಳಿಗೆ ಏನಾಗಿತ್ತು ಎಂದು ತಿಳಿಯಬೇಕಾದರೆ ಅವಳ ಮನೆ ನೋಡಬೇಕು. ಎರಡು ಕೋಣೆ, ಐದು ಜನ. ಗಂಡ ಬಸ್ ಕಂಡಕ್ಟರು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಕೂಗಿ ಕೂಗಿ, ಮನೆಯಲ್ಲಿ ನೀರು ಕೇಳಿದರೂ ಬೀದಿಯ ಕೊನೆಯ ಮನೆಯವರು ಎದ್ದು ನಿಲ್ಲಬೇಕು, ಅಂಥ ಗಂಟಲು. ಅತ್ತೆಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಊರಿಗೆಲ್ಲ ಕಿವಿ ಮಂದ ಎಂದು ಅವರ ನಂಬಿಕೆ. ಇದರ ಮೇಲೆ ಇಬ್ಬರು ಹೆಣ್ಣುಮಕ್ಕಳು. ಹದಿನಾರರ ದೊಡ್ಡವಳು, ಹನ್ನೊಂದರ ಚಿಕ್ಕವಳು, ಇಬ್ಬರ ನಡುವೆ ಒಂದು ಬಾಚಣಿಗೆ. ಆ ಮನೆಯಲ್ಲಿ ಎಲ್ಲರಿಗೂ ಬಾಯಿ ಇತ್ತು, ಕಿವಿ ಇದ್ದದ್ದು ಅವಳೊಬ್ಬಳಿಗೆ. ಸೋಪು ಮುಗಿದಿದೆ ಎಂದು ಅವಳು ಮೂರು ದಿನ ಹೇಳಿದರೆ ನಾಲ್ಕನೆಯ ದಿನ ನಾಲ್ಕೂ ಜನ ಸೇರಿ, ಸೋಪು ಮುಗಿದಿದೆ ಅಂತ ಯಾಕೆ ಹೇಳಲಿಲ್ಲ ಎಂದು ಅವಳನ್ನೇ ಕೇಳುತ್ತಿದ್ದರು. ಅಂಥವಳು ಕಾರ್ಖಾನೆಗೆ ಬಂದು ಅಂಗೈಯಗಲದ ಕಾಗದದಲ್ಲಿ ಒಂದು ಸಾಲು ಬರೆದರೆ ಲಾರಿಯಷ್ಟು ದೊಡ್ಡ ಯಂತ್ರ ಉಸಿರು ಬಿಟ್ಟು ನಿಲ್ಲುತ್ತಿತ್ತು. ಈ ಸುಖವನ್ನು ಅವಳು ಯಾರೊಂದಿಗೂ ಹೇಳಿಕೊಂಡಿರಲಿಲ್ಲ. ಹೇಳಿದ್ದರೂ ಕೇಳುವವರು ಯಾರಿದ್ದರು?

ಅದು ರಾಕ್ ಬ್ಯಾಂಡುಗಳ ಕಾಲ. ಮೂರು ತಿಂಗಳಿಗೊಮ್ಮೆ ಒಂದು ಹೊಸ ಆಲ್ಬಂ ಬಂದು ಹುಡುಗ ಹುಡುಗಿಯರ ತಲೆ ತಿರುಗಿಸಿಬಿಡುತ್ತಿತ್ತು. ಅದರಲ್ಲೂ ಐದು ಜನರ ಒಂದು ತಂಡಕ್ಕೆ ಊರೇ ಮರುಳಾಗಿತ್ತು. ಕಾರ್ಖಾನೆಯವರು ಅವರಿಗೆ ಉದ್ದಗೂದಲಿನವರು ಎನ್ನುತ್ತಿದ್ದರು. ಅವರ ಮೂರನೆಯ ಆಲ್ಬಮ್ಮಿನ ಎರಡನೆಯ ಬದಿಯಲ್ಲಿ ಇದ್ದದ್ದು ಒಂದೇ ಹಾಡು, ಇಪ್ಪತ್ತೊಂದು ನಿಮಿಷದ್ದು. ಕಾಲೇಜಿನವರು ದೀಪ ಆರಿಸಿ, ನೆಲದ ಮೇಲೆ ಅಂಗಾತ ಮಲಗಿ, ಕಣ್ಣಲ್ಲಿ ನೀರು ಹಾಕಿಕೊಂಡು ಅದನ್ನು ಕೇಳುತ್ತಿದ್ದರಂತೆ. ಚೀಟಿಯಕ್ಕ ಅದನ್ನು ಅರವತ್ತಮೂರು ಸಲ ನೆಟ್ಟಗೆ ಕೂತು, ಪೆನ್ಸಿಲು ಹಿಡಿದು ಕೇಳಿದ್ದಳು. ಹಾಡು ಯಾವುದರ ಬಗ್ಗೆ ಎಂದು ಕೇಳಿದರೆ ಗೊತ್ತಿಲ್ಲ. ಗಿಟಾರಿನವನು ಉಗುರು ಕತ್ತರಿಸುವುದಿಲ್ಲ ಎಂಬುದು ಗೊತ್ತು. ಹಾಡುವವನಿಗೆ ಮೂಗಿನ ಒಂದು ಹೊಳ್ಳೆ ಯಾವಾಗಲೂ ಕಟ್ಟಿರುತ್ತದೆ ಎಂಬುದು ಗೊತ್ತು. ಒಮ್ಮೆಯಂತೂ, ಡ್ರಮ್ಮಿನವನ ಪೆಡಲಿಗೆ ಎರಡು ಹನಿ ಎಣ್ಣೆ ಬಿಡಿಸಬೇಕು ಎಂದು ಚೀಟಿ ಬರೆದು ಕಳಿಸಿದ್ದಳು.

ದೊಡ್ಡ ಮಗಳು ಬೀರುವಿನ ಬಾಗಿಲ ಒಳಮೈಗೆ ಆ ಐವರ ಚಿತ್ರ ಅಂಟಿಸಿಕೊಂಡಿದ್ದಳು. ತಾನು ಕನಸು ಕಾಣುವ ರೆಕಾರ್ಡನ್ನು ತನ್ನಮ್ಮನೇ ಬಿಸಿ ಆರುವ ಮುಂಚೆ ಕೇಳುತ್ತಾಳೆ ಎಂದು ತಿಳಿದ ದಿನ ಅವಳು ಬಂದು ಪಕ್ಕದಲ್ಲೇ ಕೂತಳು. ಅವಳು ಹಾಗೆ ಅಮ್ಮನ ಪಕ್ಕ ಕೂರದೆ ವರ್ಷವಾಗಿತ್ತು.

"ಅಮ್ಮಾ, ಆ ದೊಡ್ಡ ಹಾಡು ಕೇಳ್ದಾಗ ನಿಂಗೆ ಏನನ್ನಿಸ್ತು?"

ಚೀಟಿಯಕ್ಕ ಪಾತ್ರೆ ಉಜ್ಜುತ್ತ ಪ್ರಾಮಾಣಿಕವಾಗಿ ಯೋಚಿಸಿದಳು. "ಹದಿನಾಲ್ಕನೇ ನಿಮಿಷದಲ್ಲಿ ಯಾರೋ ಕುರ್ಚಿ ಎಳೀತಾರೆ. ಎತ್ತಿ ಇಡಬಾರ್ದಾ?"

ಮಗಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಗೆಳತಿಯ ಮನೆಯಲ್ಲಿ ಹದಿನಾಲ್ಕನೆಯ ನಿಮಿಷಕ್ಕೆ ಮುಳ್ಳು ಇಟ್ಟು ನೋಡಿದರೆ, ಹೌದು, ಕುರ್ಚಿ. ಅಂದಿನಿಂದ ತರಗತಿಯಲ್ಲಿ ಅವಳ ಮರ್ಯಾದೆ ಹೆಚ್ಚಿತು. ಆದರೆ ಅದು ತನ್ನಮ್ಮ ಹೇಳಿದ್ದು ಎಂದು ಅವಳು ಯಾರಿಗೂ ಹೇಳಲಿಲ್ಲ.

ಅನಾಹುತವಾದದ್ದು ಆ ತಂಡದ ಮೊದಲ ಲೈವ್ ಆಲ್ಬಂ ಬಂದಾಗ. ಅಲ್ಲಿಯವರೆಗೆ ಆ ಕಾರ್ಖಾನೆಗೆ ಬಂದದ್ದೆಲ್ಲ ಸ್ಟುಡಿಯೋದಲ್ಲಿ ಬಾಗಿಲು ಹಾಕಿಕೊಂಡು ಹಾಡಿದ್ದು. ಇದು ಸಭೆಯಲ್ಲಿ, ಜನರ ಮುಂದೆ ಹಾಡಿದ್ದು ಎಂದು ತಿಳಿದಿದ್ದವರು ಮ್ಯಾನೇಜರು ಒಬ್ಬರೇ, ಅವರು ದವಡೆಹಲ್ಲು ಕೀಳಿಸಿಕೊಂಡು ಮನೆಯಲ್ಲಿ ಮಲಗಿದ್ದರು. ಚೀಟಿಯಕ್ಕ ಮುಳ್ಳು ಇಟ್ಟಳು. ಹೋ ಎಂದು ಒಂದು ಗದ್ದಲ. ಬೆಚ್ಚಿ ಹೆಡ್‌ಫೋನು ಕಿತ್ತಳು. ಮುಳ್ಳು ಬದಲಿಸಿದಳು, ಗದ್ದಲ. ಬೇರೆ ರೆಕಾರ್ಡು ಹಾಕಿದಳು, ಅದೇ ಗದ್ದಲ, ಅದೇ ಜಾಗದಲ್ಲಿ. ನಿಯಮ ಸ್ಪಷ್ಟವಾಗಿತ್ತು: ಹಾಡು ಮತ್ತು ವಾದ್ಯ ಬಿಟ್ಟು ಬೇರೆ ಏನು ಕೇಳಿದರೂ ದೋಷ. ಅವಳು ಪೆನ್ಸಿಲು ಚೂಪು ಮಾಡಿಕೊಂಡು ಬರೆಯತೊಡಗಿದಳು. ಮೊದಲ ನಿಮಿಷ: ಭಾರಿ ಗದ್ದಲ. ಮೂರನೇ ನಿಮಿಷ: ಶಿಳ್ಳೆ. ನಾಲ್ಕೂವರೆ: ಯಾರೋ ಯಾರನ್ನೋ ಕರೆಯುತ್ತಾರೆ. ಐದು: ಸುಮಾರು ಸಾವಿರ ಜನ.

ಮಧ್ಯಾಹ್ನದ ಹೊತ್ತಿಗೆ ನಲವತ್ತು ಚೀಟಿ ಆಗಿದ್ದವು. ಅಚ್ಚಿನ ಮೇಸ್ತ್ರಿ ಅವಳ ಚೀಟಿಯನ್ನು ಅವತ್ತಿನವರೆಗೂ ಅನುಮಾನಿಸಿದವನಲ್ಲ. ಎರಡು ಸಾವಿರ ರೆಕಾರ್ಡು, ಬಿಡುಗಡೆಗೆ ನಾಲ್ಕು ದಿನ ಇರುವಾಗ, ಕಪ್ಪು ರವೆಯಾಗಿ ಪೀಪಾಯಿ ಸೇರಿದವು.

ಮರುದಿನ ಮ್ಯಾನೇಜರು ಓಡೋಡಿ ಬಂದರು. ಕೆನ್ನೆ ಸೋರೆಕಾಯಿಯಾಗಿತ್ತು, ಬಾಯಿ ತೆರೆಯುವಂತಿರಲಿಲ್ಲ. ಕೋಪ ಬಂದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಕೋಣೆಯ ತುಂಬ ಎರಡು ಸುತ್ತು ಹಾಕಿ, ಕೊನೆಗೆ ಅವಳ ಮೇಜಿನಿಂದಲೇ ಒಂದು ಹಳದಿ ಚೀಟಿ ಎಳೆದು, ಕಾಗದ ಹರಿಯುವಂತೆ ಒತ್ತಿ ಎರಡೇ ಪದ ಬರೆದು ಮುಂದಿಟ್ಟರು: ಅದು ಜನ.

ವಾರದೊಳಗೆ ವಿಷಯ ಮೇಲಿನ ಕಚೇರಿಗೆ ಮುಟ್ಟಿತು. ಕ್ಯಾಂಟೀನಿನಲ್ಲಿ ಯಾರಾದರೂ ಸೀನಿದರೆ, ಅಕ್ಕಾ ಒಂದು ಚೀಟಿ ಬರೀರಿ ಎನ್ನುವುದು ರೂಢಿಯಾಯಿತು. ಚೀಟಿಯಕ್ಕ ನಗುವವರ ಜೊತೆ ತಾನೂ ನಕ್ಕು, ಊಟದ ಡಬ್ಬಿಯನ್ನು ಮುಚ್ಚಿ ತಂದು ತನ್ನ ಕೋಣೆಯಲ್ಲೇ ತಿನ್ನತೊಡಗಿದಳು. ಅವಳನ್ನು ಮತ್ತೆ ಪ್ಯಾಕಿಂಗಿಗೆ ಕಳಿಸಿ ಎಂದು ಮೇಲಿನಿಂದ ಕಾಗದ ಬಂತು. ಮ್ಯಾನೇಜರು, ಊತ ಇಳಿದ ಮೇಲೆ ಒಳ್ಳೆಯ ಮನುಷ್ಯ, ಅದನ್ನು ಡ್ರಾಯರಿಗೆ ಹಾಕಿಕೊಂಡು ಅವಳನ್ನು ಕರೆಸಿದರು.

"ನೋಡಿಯಮ್ಮಾ, ಅದೇ ಉದ್ದಗೂದಲಿನವರು ಬರೋ ತಿಂಗಳು ನಮ್ಮ ಫುಟ್‌ಬಾಲ್ ಮೈದಾನದಲ್ಲೇ ಹಾಡ್ತಾರೆ. ಅದನ್ನೂ ರೆಕಾರ್ಡ್ ಮಾಡ್ತಾರೆ, ಅಚ್ಚು ನಮ್ಮಲ್ಲೇ. ಅದರಲ್ಲಿ ಟಿಕ್ ಯಾವುದು, ಜನ ಯಾವುದು ಅಂತ ಸರಿಯಾಗಿ ಹೇಳಿದ್ರೆ ಕುರ್ಚಿ ನಿಮ್ಮದು. ಟಿಕ್ ಬಿಟ್ರೂ ಕಷ್ಟ, ಇಲ್ಲದ್ದು ಬರೆದ್ರೂ ಕಷ್ಟ. ಆಮೇಲೆ ನನ್ನ ಕೈಲಿ ಏನೂ ಇಲ್ಲ." ಹೀಗೆಂದು ಎರಡು ಟಿಕೆಟು ಕೊಟ್ಟರು. ಜನ ಅಂದರೆ ಹೇಗೆ ಕೇಳಿಸುತ್ತಾರೆ ಎಂದು ಹೋಗಿ ತಿಳಿದುಕೊಂಡು ಬರಬೇಕಂತೆ.

ಮನೆಯಲ್ಲಿ ಎರಡನೆಯ ಟಿಕೆಟಿನ ಪಂಚಾಯಿತಿ ಬೇಗ ಮುಗಿಯಿತು. ದೊಡ್ಡ ಮಗಳು ಗೆಳತಿಯರ ಜೊತೆ ಹೋಗುವುದು ಆಗಲೇ ಗೊತ್ತಾಗಿತ್ತು. ಮೈದಾನದಲ್ಲಿ ತನ್ನನ್ನು ಕಂಡರೂ ಗುರುತು ಹಿಡಿಯಬಾರದೆಂದು ಎಲ್ಲರಿಂದಲೂ ಮಾತು ತೆಗೆದುಕೊಂಡಳು. ಗಂಡನಿಗೆ ಅವತ್ತು ಮೈದಾನಕ್ಕೆ ಬಿಟ್ಟಿದ್ದ ವಿಶೇಷ ಬಸ್ಸಿನ ಡ್ಯೂಟಿ. ಚಿಕ್ಕವಳಿಗೆ ಜ್ವರ, ಪಕ್ಕದ ಮನೆಯಾಕೆ ನೋಡಿಕೊಳ್ಳುವುದಾಗಿ ಹೇಳಿದ್ದಳು. ಉಳಿದವರು ಅತ್ತೆ. ಪುಕ್ಕಟೆ ಸಿಕ್ಕಿದ್ದನ್ನು ಅತ್ತೆ ಜೀವಮಾನದಲ್ಲಿ ಬಿಟ್ಟವರಲ್ಲ.

ಹಾಗೆ ಒಂದು ಭಾನುವಾರದ ಮಧ್ಯಾಹ್ನ, ಇಪ್ಪತ್ತು ಸಾವಿರ ಹರೆಯದವರ ನಡುವೆ, ಅತ್ತೆ ಸೊಸೆ ಬೆಂಚಿನ ಮೇಲೆ ಕೂತಿದ್ದರು. ಅತ್ತೆ ಕೂರಲು ದಿಂಬು, ಬಿಸಿಲಿಗೆ ಛತ್ರಿ, ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. ಪಕ್ಕದಲ್ಲಿದ್ದ ಕಂಬಕ್ಕೆ ಒಂದು ಮೈಕು ಕಟ್ಟಿತ್ತು. ಜನರ ಸದ್ದು ಹಿಡಿಯಲು ಇಟ್ಟದ್ದು. ಅತ್ತೆ ಅದಕ್ಕೆ ಚೀಲ ನೇತು ಹಾಕಿದರು, ಸೊಸೆ ಗಾಬರಿಯಿಂದ ತೆಗೆದಳು. ಆಮೇಲೆ ತೊಡೆಯ ಮೇಲೆ ನೋಟ್‌ಬುಕ್ಕು ಬಿಚ್ಚಿ, ಪರೀಕ್ಷೆಗೆ ಕೂತವಳಂತೆ ಬರೆದುಕೊಳ್ಳತೊಡಗಿದಳು. ಶಿಳ್ಳೆ, ಎರಡು ಬೆರಳಿನದು. ಶಿಳ್ಳೆ, ನಾಲ್ಕು ಬೆರಳಿನದು, ಹೆಚ್ಚು ಚೂಪು. ಬೆಂಚು ಗುದ್ದುವುದು. ಬಾಟಲಿ ಉರುಳುವುದು.

ನಾಲ್ಕನೆಯ ಹಾಡಿಗೆ ಉಳಿದವರೆಲ್ಲ ಹಿಂದೆ ಸರಿದು ಹಾಡುವವನೊಬ್ಬನೇ ಗಿಟಾರು ಹಿಡಿದು ಮುಂದೆ ಬಂದ. ಮೈದಾನ ಉಸಿರು ಹಿಡಿಯಿತು. ಆ ನಿಶ್ಶಬ್ದದಲ್ಲಿ ಅತ್ತೆ, ಸೊಸೆಯ ಕಿವಿಯಲ್ಲಿ ಗುಟ್ಟಾಗಿ ಹೇಳುತ್ತಿದ್ದೇನೆಂದುಕೊಂಡು, ಎರಡು ಬೀದಿಗೆ ಕೇಳುವಂತೆ ಹೇಳಿದರು: "ಪಾಪ, ಈ ಹುಡುಗ ಹೊಟ್ಟೆಗೆ ಸರಿಯಾಗಿ ತಿಂದಿಲ್ಲ ಕಣೇ."

ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ಮೂರು ಸಾಲು ಕೆಳಗೆ ಒಬ್ಬ ಹುಡುಗಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಕೊಟ್ಟ ಮಾತಿನಂತೆ ಚೀಟಿಯಕ್ಕ ಅವಳ ಗುರುತು ಹಿಡಿಯಲಿಲ್ಲ.

ಕೊನೆಗೆ ಡ್ರಮ್ಮಿನವನೊಬ್ಬನೇ ಉಳಿದು ಬಾರಿಸತೊಡಗಿದಾಗ ಇಡೀ ಮೈದಾನ ಅವನ ಜೊತೆ ಚಪ್ಪಾಳೆ ತಟ್ಟಿತು. ಅತ್ತೆಯೂ ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿ ತಟ್ಟಿದರು. ಮೊದಲು ನಿಧಾನ, ಲೆಕ್ಕಕ್ಕೆ ಸರಿಯಾಗಿ. ಮೂರು ನಿಮಿಷ ಕಳೆಯುವಷ್ಟರಲ್ಲಿ ಅವರ ಕೈಗೆ ಹುರುಪು ಬಂದು ಓಟ ಕಿತ್ತಿತು. ಇಪ್ಪತ್ತು ಸಾವಿರ ಜನರದ್ದೂ ಅದೇ ಕಥೆ; ಪಾಪದ ಡ್ರಮ್ಮಿನವನು ಬೆವರು ಸುರಿಸುತ್ತ ಅವರ ಹಿಂದೆ ಓಡಬೇಕಾಯಿತು. ಚಪ್ಪಾಳೆ, ನಿಧಾನವಾಗಿ ಹೊರಟು ಆಮೇಲೆ ಓಡುತ್ತದೆ, ಎಂದು ಚೀಟಿಯಕ್ಕ ಬರೆದುಕೊಂಡಳು.

ಅದೇ ಕೊನೆಯ ಸಾಲು. ಆಮೇಲೆ ನೋಟ್‌ಬುಕ್ಕಿನಲ್ಲಿ ಏನೂ ಇಲ್ಲ. ಐವರೂ ಮತ್ತೆ ಸೇರಿಕೊಂಡು ಆ ಇಪ್ಪತ್ತೊಂದು ನಿಮಿಷದ ಹಾಡನ್ನು ಎತ್ತಿಕೊಂಡಿದ್ದರು. ಹೆಡ್‌ಫೋನಿನಲ್ಲಿ ಕಿವಿಯವರೆಗೆ ಬಂದು ನಿಲ್ಲುತ್ತಿದ್ದ ಡ್ರಮ್ಮು ಇಲ್ಲಿ ಬೆಂಚಿನ ಮೂಲಕ ಹತ್ತಿ ಬೆನ್ನೆಲುಬಿಗೆ ಬಂತು. ಹದಿನಾಲ್ಕನೆಯ ನಿಮಿಷದಲ್ಲಿ ಯಾರೂ ಕುರ್ಚಿ ಎಳೆಯಲಿಲ್ಲ. ಆ ಜಾಗದಲ್ಲಿ ಗಿಟಾರು ಏನೋ ಒಂದನ್ನು ಎರಡು ಸಲ ಕೇಳಿ, ಉತ್ತರ ಸಿಗದೆ, ಮೂರನೆಯ ಸಲ ತಾನೇ ಹೇಳಿಕೊಂಡಿತು. ಅರವತ್ತಮೂರು ಸಲ ಕೇಳಿದ್ದರೂ ಇದು ತನಗೆ ಕೇಳಿಸಿರಲಿಲ್ಲವಲ್ಲ ಎಂದು ಅವಳು ಪೆನ್ಸಿಲು ಹಿಡಿದೇ ಕೂತಿದ್ದಳು. ಅತ್ತೆ ಚಹಾ ಕೊಟ್ಟರು. ಅದು ಕೈಯಲ್ಲೇ ಆರಿತು.

ರೆಕಾರ್ಡು ಅಚ್ಚಿಗೆ ಬಂದದ್ದು ಮೂರು ತಿಂಗಳ ಮೇಲೆ. ಎರಡು ತಟ್ಟೆ, ನಾಲ್ಕು ಬದಿ. ಅಂದು ಮ್ಯಾನೇಜರೂ ಮೇಸ್ತ್ರಿಯೂ ಅವಳ ಕೋಣೆಯ ಗಾಜಿನಾಚೆ ಬಂದು ನಿಂತರು. ಮೊದಲ ಬದಿ ಚೊಕ್ಕಟ. ಎರಡನೆಯ ಬದಿಯ ಏಳನೆಯ ನಿಮಿಷದಲ್ಲಿ, ಒಂಟಿ ಗಿಟಾರಿನ ಹಿಂದೆ, ಗಂಟೆ ಹೊಡೆದ ಹಾಗೆ ಅತ್ತೆಯ ದನಿ: ಪಾಪ, ಈ ಹುಡುಗ. ಚೀಟಿಯಕ್ಕ ನಗು ತಡೆಯಲಾರದೆ ಮೇಜಿಗೆ ತಲೆ ಹಚ್ಚಿದಳು. ಗಾಜಿನಾಚೆ ಮ್ಯಾನೇಜರ ಜೀವ ಹೋಗಿ ಬಂತು. ಅವಳು ಕೈ ಆಡಿಸಿ, ಇಲ್ಲ ಇಲ್ಲ, ಇದು ಜನ, ಎಂದು ಸನ್ನೆ ಮಾಡಿದಳು.

ಮೂರನೆಯ ಬದಿಯಲ್ಲಿ ಡ್ರಮ್ಮು, ಚಪ್ಪಾಳೆ. ಆ ಚಪ್ಪಾಳೆಯ ಅಡಿಯಲ್ಲಿ ಏನೋ ಒಂದು.

ಅವಳು ಮುಳ್ಳು ಎತ್ತಿ ಮತ್ತೆ ಇಟ್ಟಳು. ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಟಿಕ್. ಇಪ್ಪತ್ತು ಸಾವಿರ ಜನರಲ್ಲಿ ಯಾರೋ ಒಬ್ಬರ ಕೈಬಳೆ ಇರಬಹುದು, ಉಂಗುರ ಇರಬಹುದು. ಬರೆದು ಅದು ಬಳೆಯೇ ಆಗಿದ್ದರೆ ನಾಳೆಯಿಂದ ಅಂಟು, ಕವರು, ಪಕ್ಕದವಳ ಅತ್ತಿಗೆ. ಬರೆಯದೆ ಬಿಟ್ಟರೆ? ಯಾರಿಗೂ ತಿಳಿಯಲಿಕ್ಕಿಲ್ಲ. ಅವಳಿಗೆ ತಿಳಿದಿರುತ್ತದೆ. ಬೆರಳನ್ನು ಮೇಜಿನ ಮೇಲೆ ಆಡಿಸುತ್ತ ಮತ್ತೆ ಕೇಳಿದಳು, ಬೇರೆ ಪ್ರತಿ ಹಾಕಿ ಕೇಳಿದಳು. ಚಪ್ಪಾಳೆ ಓಡುತ್ತಿತ್ತು. ಟಿಕ್ ಓಡುತ್ತಿರಲಿಲ್ಲ. ಇಡೀ ಮೈದಾನ ಅದನ್ನು ಹಿಂದೆ ಹಾಕಿ ಹೋದರೂ ಅದು ತನ್ನ ಪಾಡಿಗೆ, ತಟ್ಟೆ ಒಂದು ಸುತ್ತು ತಿರುಗಿದಾಗ ಒಂದು ಸಲ, ಒಂದೇ ಸಮ ಬರುತ್ತಿತ್ತು. ನಾಲ್ಕು ಚೀಟಿ ಬರೆದು ಅವಳು ಬಾಗಿಲು ತೆರೆದಳು.

ಚೀಟಿ ಓದಿ ಮೇಸ್ತ್ರಿಯ ಮುಖ ಇಳಿಯಿತು. ಅವನಿಗೆ ಅವಳ ಮೇಲೆ ಅಕ್ಕರೆ. "ಅಕ್ಕಾ, ಅದು ಚಪ್ಪಾಳೆ. ಉದ್ದಕ್ಕೂ ಬರೀ ಚಪ್ಪಾಳೆನೇ ಇದೆ ಅಲ್ಲಿ. ಹರಿದು ಹಾಕ್ಬಿಡಿ, ನಾನು ನೋಡಿಲ್ಲ."

"ಚಪ್ಪಾಳೆ ಅಲ್ಲಪ್ಪ ಅದು."

ಮ್ಯಾನೇಜರು ತಾವೇ ಹೆಡ್‌ಫೋನು ಹಾಕಿಕೊಂಡು ಕೂತರು. ಮೂರು ಸಲ ಕೇಳಿದರು. ಅವರಿಗೆ ಕೇಳಿಸಿದ್ದು ಜನ, ಬರೀ ಜನ. ಗಾಜಿನಾಚೆ ಯಂತ್ರ ನಿಮಿಷಕ್ಕೆರಡರಂತೆ ತಟ್ಟೆ ಇಳಿಸುತ್ತಲೇ ಇತ್ತು. ಡ್ರಾಯರಿನಲ್ಲಿದ್ದ ಕಾಗದ ಅವರಿಗೂ ನೆನಪಾಗಿರಬೇಕು.

"ನಂಗೇನೂ ಕೇಳಿಸ್ತಿಲ್ಲಮ್ಮ. ನೀವು ಖಂಡಿತ ಹೇಳ್ತೀರಾ?"

"ಹೇಳ್ತೀನಿ ಸಾರ್."

ಅವರು ಅವಳ ಮುಖವನ್ನೊಮ್ಮೆ ನೋಡಿ, ಎದ್ದು ಹೋಗಿ, ಯಂತ್ರ ನಿಲ್ಲಿಸಲು ಹೇಳಿದರು. ಅಚ್ಚು ಬಿಚ್ಚಿದರು, ದೀಪದ ಕೆಳಗೆ ಭೂತಗನ್ನಡಿ ಹಿಡಿದರು. ಮೇಸ್ತ್ರಿ ಬಗ್ಗಿದವನು ತುಂಬ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಕನ್ನಡಿಯನ್ನು ಮ್ಯಾನೇಜರ ಕೈಗೆ ಕೊಟ್ಟ. ಹದಿನೈದಿಪ್ಪತ್ತು ಗೆರೆಗಳನ್ನು ಅಡ್ಡಕ್ಕೆ ದಾಟಿಕೊಂಡು, ಕೂದಲಿಗಿಂತ ತೆಳ್ಳಗೆ, ಒಂದು ಗೀಚು ಇತ್ತು.

ಮ್ಯಾನೇಜರು ಹತ್ತಿರದಲ್ಲಿದ್ದ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಅಷ್ಟು ಗದ್ದಲದಲ್ಲಿ ಇದು ಹೇಗೆ ಕೇಳಿಸಿತು ಎಂದು ಕೇಳಿದರು. ಚೀಟಿಯಕ್ಕ ಸೆರಗಿನ ತುದಿ ತಿರುವುತ್ತ, "ಅವರೆಲ್ಲ ಖುಷಿಯಾಗಿದ್ರು ಸಾರ್. ಇದೊಂದು ಖುಷಿಯಾಗಿರ್ಲಿಲ್ಲ" ಎಂದಳು.

ಹೊಸ ಅಚ್ಚು ತರಿಸಿ, ಹೇಳಿದ ದಿನಕ್ಕೇ ರೆಕಾರ್ಡು ಅಂಗಡಿ ಸೇರಿತು. ಮೇಲಿನ ಕಚೇರಿಯಿಂದ ಬಂದಿದ್ದ ಕಾಗದ ಡ್ರಾಯರಿನಿಂದ ಎಲ್ಲಿಗೆ ಹೋಯಿತೋ ಯಾರೂ ಕೇಳಲಿಲ್ಲ. ಕ್ಯಾಂಟೀನಿನಲ್ಲಿ ಸೀನುಗಳು ಮತ್ತೆ ಬರೀ ಸೀನುಗಳಾದವು. ಮನೆಯಲ್ಲಿ ಮಾತ್ರ ದೊಡ್ಡ ಮಗಳು ಗೆಳತಿಯ ಪ್ಲೇಯರನ್ನು ಎರವಲು ತಂದು, ಎರಡನೆಯ ಬದಿಯನ್ನು ಹಾಕಿ ಅಜ್ಜಿಯ ದನಿ ತೋರಿಸಲು ಗೆಳತಿಯರನ್ನು ಸಾಲಾಗಿ ಕರೆತರತೊಡಗಿದಳು. ಅತ್ತೆಗೆ ಅದು ಕೇಳಿಸದಿದ್ದರೂ, ತಾನು ಹೇಳಿದ್ದು ತಪ್ಪೇನಿಲ್ಲ, ಈಗಲೂ ಆ ಹುಡುಗನಿಗೆ ಊಟ ಸಾಲದು ಎಂದು ಪ್ರತಿಯೊಬ್ಬರಿಗೂ ಒತ್ತಿ ಹೇಳಿದರು.

ಆದರೆ ಕಥೆ ಅಲ್ಲಿಗೆ ನಿಂತಿದ್ದರೆ ಚೀಟಿಯಕ್ಕ ಚೀಟಿಯಕ್ಕ ಆಗುತ್ತಿರಲಿಲ್ಲ. ಒಂದು ತಿಂಗಳ ಮೇಲೆ ಅದೇ ರೆಕಾರ್ಡು ಎರಡನೆಯ ಸಲ ಅಚ್ಚಿಗೆ ಬಂದಾಗ ನಾಲ್ಕನೆಯ ಬದಿಯಲ್ಲಿ ಮುಳ್ಳು ಜಿಗಿಯತೊಡಗಿತು. ಅವಳು ಚೀಟಿ ಬರೆದಳು, ಯಂತ್ರ ನಿಂತಿತು. ಅಚ್ಚಿನಲ್ಲಿ ಏನೂ ಇಲ್ಲ. ಯಂತ್ರ ಹೊರಟಿತು, ಮುಳ್ಳು ಮತ್ತೆ ಜಿಗಿಯಿತು. ಮೇಸ್ತ್ರಿ ಅದೇ ತಟ್ಟೆಯನ್ನು ಒಯ್ದು ತನ್ನ ಕಡೆ ಹಾಕಿದರೆ ಮುಳ್ಳು ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಎರಡು ದಿನ ಹೀಗೇ ನಡೆಯಿತು. ಮೂರನೆಯ ದಿನ ಅವನು ಅವಳ ಕೋಣೆಯ ಮೂಲೆಯಲ್ಲಿ ಬಂದು ಕೂತ. ಇಪ್ಪತ್ತೊಂದು ನಿಮಿಷದ ಹಾಡು ಹದಿನಾಲ್ಕನೆಯ ನಿಮಿಷಕ್ಕೆ ಬಂತು. ಅವನು ಮೆಲ್ಲಗೆ ಬಗ್ಗಿ ಮೇಜಿನ ಕೆಳಗೆ ನೋಡಿದ, ಆಮೇಲೆ ಬೆರಳು ತೋರಿಸಿದ.

ಚೀಟಿಯಕ್ಕನೂ ಬಗ್ಗಿ ನೋಡಿದಳು. ಅವಳ ಬಲಗಾಲು ಮೇಜಿನ ಕಾಲಿಗೆ ಆತು, ಅವಳ ಅಪ್ಪಣೆ ಕೇಳದೆ, ಧಾರಾಳವಾಗಿ ತಾಳ ಹಾಕುತ್ತಿತ್ತು.

ಇಷ್ಟು ವರ್ಷದಲ್ಲಿ ಅವಳ ಮುಖ ಅಷ್ಟು ಕೆಂಪಾದದ್ದನ್ನು ಯಾರೂ ನೋಡಿರಲಿಲ್ಲ. ಆದರೆ ನಿಯಮ ನಿಯಮವೇ. ಅವಳು ಒಂದು ಹಳದಿ ಚೀಟಿ ತೆಗೆದು, ನಿಮಿಷ ಸೆಕೆಂಡು ಸಮೇತ ಬರೆದಳು: ದೋಷ, ಕೇಳುವವಳ ಕಾಲು. ಅಂಕಿತ ಹಾಕಿ ಮೇಸ್ತ್ರಿಯ ಕೈಗೆ ಕೊಟ್ಟಳು. ಅವನು ಅದನ್ನು ಮ್ಯಾನೇಜರಿಗೆ ಮುಟ್ಟಿಸಿದ. ಕಾಲನ್ನು ಸುಮ್ಮನಿರಿಸಲು ಹೇಳುತ್ತಾರೆಂದು ಅವಳು ಸಂಜೆಯವರೆಗೂ ಕಾದಳು. ಯಾರೂ ಬರಲಿಲ್ಲ. ಮರುದಿನ ಬೆಳಿಗ್ಗೆ ಬಂದು ನೋಡಿದರೆ, ಮೇಜನ್ನು ಒಂದು ಗೇಣು ಗೋಡೆಯ ಕಡೆಗೆ ಸರಿಸಿದ್ದರು. ಕುರ್ಚಿಯ ಮುಂದೆ, ಕಾಲಿಡುವ ಜಾಗದಲ್ಲಿ, ದಪ್ಪನೆಯ ಕಂಬಳಿಯ ತುಂಡೊಂದನ್ನು ಮಡಿಸಿ ಹಾಸಿದ್ದರು.